ಚೇರ್ಮನ್ನರ ಬಾಗಿಲಿನ ಗುರುವಪ್ಪ

ಬಂದರಿನಲ್ಲಿ ಮೂವತ್ತೈದು ವರ್ಷ ಕೊಬ್ಬರಿ, ಹುರಿಹಗ್ಗಗಳ ವ್ಯಾಪಾರ ಮಾಡಿದವನ ಕಣ್ಣು ಮನುಷ್ಯರನ್ನೂ ಸರಕಿನ ಹಾಗೆಯೇ ನೋಡುತ್ತದೆ. ಅದು ದುರಭ್ಯಾಸ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಗುರುವಪ್ಪನನ್ನು ಮೊದಲು ಕಂಡಾಗ ನಾನು ಹಾಕಿದ ಅಂದಾಜು ಹೀಗಿತ್ತು: ಎತ್ತರ ಐದೂಕಾಲು ಅಡಿ. ತೂಕ, ಎದೆಯ ಮೇಲಿನ ಹಿತ್ತಾಳೆ ಬಿಲ್ಲೆ ಸೇರಿಸಿ, ನಾಲ್ಕು ಮಣಕ್ಕೆ ಕಡಿಮೆ. ಎಡಗಾಲು ಸ್ವಲ್ಪ ಎಳೆಯುತ್ತದೆ. ಕಣ್ಣು ಚಿಕ್ಕದು, ಆದರೆ ಮಂಕು ಹಿಡಿದಿಲ್ಲ. ಮಾತು ಕಡಿಮೆ, ಒಳಗೆ ತಿರುಳಿದೆಯೋ ಬರೀ ಚಿಪ್ಪೋ ಎಂದು ಅಲುಗಾಡಿಸಿ ನೋಡಿದರೂ ತಿಳಿಯುವುದಿಲ್ಲ. ಎರಡನೇ ದರ್ಜೆ ಎಂದು ಮನಸ್ಸಿನಲ್ಲೇ ಗುರುತು ಹಾಕಿ ಬದಿಗಿಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ತಪ್ಪು ಅಂದಾಜು ಇನ್ನೊಂದಿಲ್ಲ. ಸಣ್ಣವು ಕೆಲವಿವೆ, ಅವನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

ಗುರುವಪ್ಪ ನಮ್ಮ ಮಂಗಳೂರು ಮುನಿಸಿಪಾಲಿಟಿಯ ದಫೇದಾರ, ಅಂದರೆ ಜವಾನರಲ್ಲಿ ಹಿರಿಯ. ಕೆಂಪು ಪಟ್ಟಿ, ಹಿತ್ತಾಳೆ ಬಿಲ್ಲೆ, ಜೊತೆಗೆ ಚೇರ್ಮನ್ನರ ಕೋಣೆಯ ಬಾಗಿಲು ಅವನ ವಶ. ಮದ್ರಾಸಿನವರಿಗೆ ಈಗ ಮೇಯರ್ ಎಂದು ಒಬ್ಬರಿದ್ದಾರೆ, ಅವರಿಗೆ ನಿಲುವಂಗಿಯೆಲ್ಲ ಇದೆ ಎಂದು ಕೇಳಿದ್ದೇನೆ. ನಮ್ಮದು ಅಷ್ಟು ದೊಡ್ಡ ಊರಲ್ಲ. ನಮಗೆ ಚೇರ್ಮನ್ ಸಾಕು, ಅವರ ಮೇಜಿನ ಮೇಲೊಂದು ಗಂಟೆ ಸಾಕು. ಗುರುವಪ್ಪನ ಅಜ್ಜನ ಕಾಲದಲ್ಲಿ ಆ ಕುರ್ಚಿಯ ಮೇಲೆ ಸರ್ಕಾರವೇ ಯಾರಾದರೂ ಸಾಹೇಬರನ್ನು ಕೂರಿಸುತ್ತಿತ್ತಂತೆ. ಆಮೇಲೆ ಊರಿನ ಗಣ್ಯರ ಸರದಿ. ಆಮೇಲೆ ತೆರಿಗೆ ಕಟ್ಟುವವರು ಓಟು ಹಾಕಿ ಮೆಂಬರುಗಳನ್ನು ಆರಿಸುವುದು, ಮೆಂಬರುಗಳು ಸೇರಿ ತಮ್ಮಲ್ಲೊಬ್ಬನನ್ನು ಕುರ್ಚಿಗೆ ಆರಿಸುವುದು ಬಂತು. ಕುರ್ಚಿ ಹೀಗೆ ಕಲೆಕ್ಟರರ ಕಚೇರಿಯಿಂದ ಹೊರಟು, ವಕೀಲರ ಜಗಲಿಗಳ ದಾರಿಯಾಗಿ, ನಮ್ಮಂಥವರ ಅಂಗಡಿಯ ಹತ್ತಿರಕ್ಕೆ ಬರಲು ಐವತ್ತು ಅರವತ್ತು ವರ್ಷ ಹಿಡಿಯಿತು. ಆ ಪ್ರಯಾಣದಲ್ಲಿ ಮೂವತ್ತೆರಡು ವರ್ಷ ಗುರುವಪ್ಪ ಕುರ್ಚಿಯ ಪಕ್ಕ ನಡೆದ.

ಒಂಬತ್ತು ಚೇರ್ಮನ್ನರನ್ನು ಅವನು ಕಂಡ. ಒಬ್ಬರು ದಿನಕ್ಕೆ ಇಪ್ಪತ್ತು ಸಲ ಗಂಟೆ ಬಾರಿಸುತ್ತಿದ್ದರು. ಇನ್ನೊಬ್ಬರು ಗಂಟೆ ಮುಟ್ಟದೆ ಹೆಸರು ಹಿಡಿದು ಕರೆಯುತ್ತಿದ್ದರು. ಮತ್ತೊಬ್ಬರು ಕಚೇರಿಗೇ ಬರುತ್ತಿರಲಿಲ್ಲ. ಅವರ ಕಾಲದಲ್ಲಿ ಚರಂಡಿಗಳು ಉಳಿದವರ ಕಾಲಕ್ಕಿಂತ ಕೆಟ್ಟಿದ್ದವು ಎಂದು ಹೇಳಲಾರೆ. ದಿನಾ ಬೆಳಿಗ್ಗೆ ಕುರ್ಚಿ ಒರೆಸುವುದು ಗುರುವಪ್ಪನ ಮೊದಲ ಕೆಲಸ. ಒಮ್ಮೆ ನಾನು ಕೀಟಲೆಗೆ ಕೇಳಿದೆ.

“ಒಂದು ದಿನವಾದರೂ ಅದರಲ್ಲಿ ಕೂತಿದ್ದೀಯಾ ಗುರುವಪ್ಪ? ನಿಜ ಹೇಳು.”

“ಕೂತರೆ ಎಂತ ಪ್ರಯೋಜನ, ಶೆಟ್ರೇ? ಮೇಜಿನ ಮೇಲೆ ಕಡತದ ರಾಶಿ. ಹೊರಗಿನ ಬೆಂಚು ಕಾಣುವುದಿಲ್ಲ. ನಿಂತರೆ ಕಾಣ್ತದೆ.”

“ಹಾಗಾದರೆ ಕೂತು ನೋಡಿದ್ದೀ.”

ಅವನು ಕುರ್ಚಿಯ ಕೈ ಒರೆಸುತ್ತಲೇ ಇದ್ದ.

ಆ ಬೆಂಚಿನ ವಿಷಯ ಹೇಳಬೇಕು. ಅದು ಚೇರ್ಮನ್ನರ ಬಾಗಿಲಿನ ಹೊರಗಿತ್ತು. ಅಹವಾಲು ಹಿಡಿದುಕೊಂಡು ಬಂದವರಿಗಾಗಿ ಇಟ್ಟದ್ದು, ಆರು ಜನಕ್ಕೆ ಜಾಗ. ಗುರುವಪ್ಪನ ಕ್ರಮವೆಂದರೆ ಮೊದಲು ಬಂದವರು ಬಾಗಿಲ ಹತ್ತಿರ, ಆಮೇಲೆ ಬಂದವರು ಆಚೆ. ಒಬ್ಬರು ಒಳಗೆ ಹೋದರೆ ಉಳಿದವರು ಒಂದೊಂದು ಜಾಗ ಸರಿಯಬೇಕು. ಇದು ಯಾವ ಕಾಯ್ದೆಯಲ್ಲೂ ಇರಲಿಲ್ಲ. ಸಾವಿರದ ಒಂಬೈನೂರ ಹನ್ನೆರಡನೇ ಇಸವಿಯಲ್ಲಿ ನನ್ನ ಗೋದಾಮಿನ ಎದುರಿನ ಚರಂಡಿ ಕುಸಿಯಿತೆಂದು ನಾನು ಅಲ್ಲಿಗೆ ಹೋದೆ. ಆಗ ನನಗೆ ಇಪ್ಪತ್ತನಾಲ್ಕು, ಜರಿಯಂಚಿನ ಶಾಲು ಹೊಸದು. ನೇರ ಬಾಗಿಲಿಗೆ ನಡೆದೆ. ಬೆಂಚಿನ ಮೊದಲ ಜಾಗದಲ್ಲಿ ಕಾರ್ಮಿನ್ ಎಂಬ ಹೆಂಗಸು ಕೂತಿದ್ದಳು. ಹಂಚಿನ ಕಾರ್ಖಾನೆಯ ಆಳು, ಕಾಲಿನಲ್ಲಿ ಇನ್ನೂ ಆವೆಮಣ್ಣು.

“ಶೆಟ್ರು ಇವರ ಆಚೆ ಕೂತುಕೊಳ್ಬೇಕು,” ಎಂದ ಗುರುವಪ್ಪ.

“ಹೊರಗೆ ನನ್ನ ಗಾಡಿ ನಿಂತಿದೆ ಮಾರಾಯ.”

“ನಿಲ್ಲಲಿ. ಎತ್ತುಗಳಿಗೂ ಸ್ವಲ್ಪ ಆರಾಮ.”

ಕಾರ್ಮಿನ್ ಒಳಗೆ ಹೋಗಿ ಬರುವವರೆಗೆ ಕೂತೆ. ಹತ್ತು ನಿಮಿಷ. ಆ ಹತ್ತು ನಿಮಿಷದ ಸಿಟ್ಟು ನನ್ನಲ್ಲಿ ಎರಡು ವರ್ಷ ಇತ್ತು.

ಗುರುವಪ್ಪ ಉರ್ವದವನು. ಅಪ್ಪ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದ ಬಿಲ್ಲವ. ಹದಿನಾಲ್ಕನೇ ವಯಸ್ಸಿನಲ್ಲಿ ಇವನೂ ಹತ್ತಿದ. ಮೂರನೇ ವಾರ ಬಿದ್ದ. ಕಾಲು ಮುರಿದು ಮಲಗಿದ್ದಾಗ ಮಿಶನ್ ಶಾಲೆಯ ಒಬ್ಬ ಉಪದೇಶಿ ಬಂದು ಅಕ್ಷರ ಕಲಿಸಿದ. ಮರ ಹತ್ತಲು ಬಾರದ ಕಾಲು ನೆಲದ ಮೇಲೆ ನಡೆಯಲು ಸಾಕಾಯಿತು. ಮೂರನೇ ಇಸವಿಯಲ್ಲಿ ಮುನಿಸಿಪಾಲಿಟಿಗೆ ಸೇರಿದ. ತಂಗಿ ಕಿನ್ನಿಯ ಮನೆಯಲ್ಲೇ ಅವನ ವಾಸ, ಅವಳ ಮಕ್ಕಳ ಯೋಗಕ್ಷೇಮ ಅವನದೇ. ಎಳೆಯುವ ಕಾಲಿನವನಿಗೆ ಊರೆಲ್ಲ ಅಲೆಯುವ ಕೆಲಸ ಕೊಟ್ಟವರು ಯಾರೋ ತಿಳಿಯದು. ಕೊಟ್ಟವರಿಗೆ ನನಗಿಂತ ಒಳ್ಳೆಯ ಕಣ್ಣಿತ್ತು.

ಬಾಗಿಲು ಕಾಯುವುದಲ್ಲದೆ ಅವನಿಗೆ ಇನ್ನೊಂದು ಕೆಲಸವಿತ್ತು. ಸಭೆ ಎಂದರೆ ಪ್ರತಿ ಮೆಂಬರಿನ ಮನೆಗೆ ನೋಟೀಸು ಮುಟ್ಟಿಸಿ, ತಪಾಲು ಪುಸ್ತಕದಲ್ಲಿ ರುಜು ಹಾಕಿಸಿಕೊಳ್ಳಬೇಕು. ಮೆಂಬರು ಸಿಗದಿದ್ದರೆ ಅವರ ಕುಟುಂಬದ ಪ್ರಾಯಕ್ಕೆ ಬಂದ ಯಾರಾದರೊಬ್ಬರ ಕೈಯಲ್ಲಿ ಕೊಡಬಹುದು ಎಂದು ನಿಯಮ. ದೊಡ್ಡ ಮನೆಗಳಲ್ಲಿ ಗುರುವಪ್ಪನಂಥವರು ಜಗಲಿ ಹತ್ತುವ ಕ್ರಮವಿರಲಿಲ್ಲ. ಅವನು ಅಂಗಳದಲ್ಲಿ ನಿಲ್ಲುತ್ತಿದ್ದ. ಪುಸ್ತಕ ಮಾತ್ರ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಅಂಗಳದಲ್ಲಿ ನಿಂತವನಿಗೆ ಏನೇನೋ ಕಾಣುತ್ತದೆ. ಮೆಂಬರಿಗೆ ಜ್ವರ ಎಂದು ಮನೆಯವರು ಹೇಳುವ ಹೊತ್ತಿಗೆ ಆ ಮೆಂಬರು ಹಿತ್ತಲಿನಲ್ಲಿ ಕಾದಾಟಕ್ಕೆ ಸಾಕಿದ ಅಂಕದ ಕೋಳಿಗೆ ನೀರು ಚಿಮುಕಿಸುತ್ತಾ ನಿಂತಿದ್ದರೂ, ಗುರುವಪ್ಪ ಬಂದು ಚೇರ್ಮನ್ನರಿಗೆ ಜ್ವರ ಎಂದೇ ತಿಳಿಸುತ್ತಿದ್ದ. ನಾನು ನಗಾಡಿದಾಗ ಹೇಳಿದ:

“ಬಾಗಿಲಿಗೆ ಹೋದವನು ಬಾಗಿಲಲ್ಲಿ ಹೇಳಿದ್ದನ್ನು ಮಾತ್ರ ತಕೊಂಡು ಬರಬೇಕು, ಶೆಟ್ರೇ. ಒಳಗೆ ಇದ್ದದ್ದನ್ನು ಹೊತ್ತುಕೊಂಡು ಬಂದರೆ ಅದು ಕಳ್ಳತನ.”

ಮೂವತ್ತೈದನೇ ಇಸವಿಯ ಮೇ ತಿಂಗಳಲ್ಲಿ ಹೊಸ ಚೇರ್ಮನ್ನರ ಆಯ್ಕೆಗೆ ಸಭೆ ಕರೆದರು. ಅಷ್ಟರಲ್ಲಿ ನಾನೂ ಮೆಂಬರಾಗಿದ್ದೆ. ಕುರ್ಚಿಗೆ ನಿಂತವರು ಇಬ್ಬರು. ಒಬ್ಬರು ಬೆನೆಡಿಕ್ಟ್ ಮಾಸ್ಟ್ರು, ಶಾಲೆಯಿಂದ ನಿವೃತ್ತರಾದವರು. ಕೊಡೆ ಮಡಚಿ ಕಂಕುಳಲ್ಲಿಟ್ಟು ಓಣಿ ಓಣಿಯ ಬಾವಿಗೆ ಬಗ್ಗಿ ನೋಡುವ ಅಭ್ಯಾಸ ಅವರಿಗೆ. ಇನ್ನೊಬ್ಬರು ತಾರಾನಾಥ ಹೆಗ್ಡೆ, ಜಮೀನುದಾರರು, ನನ್ನ ಹೆಂಡತಿಯ ಕಡೆಯಿಂದ ನೆಂಟರು. ಬಂದರಿನ ರಸ್ತೆಗೆ ಜಲ್ಲಿ ಹಾಕಿಸುತ್ತೇನೆ ಎಂದು ಮಾಸ್ಟ್ರು ಹೇಳಿದ ದಿನ ನಾನು ಅವರಿಗೆ ಮಾತು ಕೊಟ್ಟೆ. ಮರುದಿನ ಹೆಗ್ಡೆಯವರು ಒಂದು ಬುಟ್ಟಿ ಮುಂಡಪ್ಪ ಮಾವಿನ ಹಣ್ಣು ಕಳಿಸಿದರು. ಅವರಿಗೂ ಕೊಟ್ಟೆ. ವ್ಯಾಪಾರದಲ್ಲಿ ಇಬ್ಬರಿಗೆ ಒಂದೇ ಮಾಲು ಒಪ್ಪಿಕೊಂಡರೆ ಸರಕು ಹೇರಿದ ಇನ್ನೊಂದು ಮಚ್ವೆ ದೋಣಿ ಬರುವವರೆಗೆ ಹೇಗೋ ದಿನ ತಳ್ಳಬಹುದು. ಓಟಿಗೆ ಎರಡನೇ ಮಚ್ವೆ ಇಲ್ಲ ಎಂಬುದು ನನಗೆ ಹೊಳೆದದ್ದು ತಡವಾಗಿ.

ಆದ್ದರಿಂದ ನಾನು ಅಡಗಿದೆ.

ನಮ್ಮದು ಅಳಿಯಸಂತಾನದ ಕಟ್ಟು, ಮನೆತನ ನಡೆಯುವುದು ತಾಯಿಯ ಕಡೆಯಿಂದ. ಗಂಡಸಿಗೆ ಮನೆ ಎರಡು. ಹೆಂಡತಿ ಜಲಜಾಕ್ಷಿಯ ಮನೆ ಕೊಡಿಯಾಲ್‌ಬೈಲಿನಲ್ಲಿ. ನಾನು ಉಣ್ಣುವುದು ಮಲಗುವುದು ಹೆಚ್ಚಾಗಿ ಅಲ್ಲಿ. ನನ್ನ ತಾಯಿಯ ಕುಟುಂಬದ ಮನೆ ಬಿಜೈಯಲ್ಲಿ. ಅಲ್ಲಿ ಅಕ್ಕ ಸುಂದರಿಯ ಆಡಳಿತ. ಓಟರ ಪಟ್ಟಿಯಲ್ಲಿ ನನ್ನ ಹೆಸರಿದ್ದದ್ದು ಬಿಜೈಯ ಮನೆಯಲ್ಲಿ. ಭಾನುವಾರ ನಾನು ಬಿಜೈಗೆ ಹೋಗಿ ಕೂತು, “ಯಾರು ಬಂದರೂ ನಾನು ಇಲ್ಲ,” ಎಂದೆ.

“ಯಾರಿಗೆ ಹೆದರಿ ಬಂದದ್ದು ಶೀನಾ?” ಎಂದಳು ಅಕ್ಕ.

“ಹೆದರಿಕೆ ಎಂತದು. ವಿಶ್ರಾಂತಿ.”

“ವಿಶ್ರಾಂತಿಗೆ ಬಂದವರು ಬಾಗಿಲ ಸಂದಿಯಲ್ಲಿ ಇಣುಕುವುದಿಲ್ಲ.”

ಸೋಮವಾರ ಗುರುವಪ್ಪ ಕೊಡಿಯಾಲ್‌ಬೈಲಿಗೆ ಹೋದ. ನಾನಿರಲಿಲ್ಲ. ಜಲಜಾಕ್ಷಿ ನೋಟೀಸು ತೆಗೆದುಕೊಂಡು, ತಪಾಲು ಪುಸ್ತಕದಲ್ಲಿ ದುಂಡಗೆ ರುಜು ಹಾಕಿ, ಅವರು ಬಿಜೈಗೆ ಹೋಗಿದ್ದಾರೆ ಎಂದೂ ಹೇಳಿದಳು. ಇನ್ನೊಬ್ಬನಾದರೆ ಕೆಲಸ ಮುಗಿಯಿತು ಎಂದು ಮನೆಗೆ ಹೋಗುತ್ತಿದ್ದ. ಗುರುವಪ್ಪ ಮಂಗಳವಾರ ಬೆಳಿಗ್ಗೆ ನೋಟೀಸಿನ ಇನ್ನೊಂದು ಪ್ರತಿ ಹಿಡಿದುಕೊಂಡು ಬಿಜೈಯ ಅಂಗಳಕ್ಕೆ ಬಂದ. ನಾನು ಒಳಕೋಣೆಯಲ್ಲಿ ದಳಿಯ ಹತ್ತಿರ ಕೂತು ಹಲಸಿನ ಹಣ್ಣು ತಿನ್ನುತ್ತಿದ್ದೆ. ಮೇಣ ಹತ್ತದಂತೆ ಎರಡೂ ಕೈಗೆ ಎಣ್ಣೆ. ಎಣ್ಣೆಗೈಯವನು ಎದ್ದು ಓಡಲಾರ, ಬಾಗಿಲು ಎಳೆಯಲಾರ. ಅಕ್ಕ ಜಗಲಿಗೆ ಹೋಗಿ, “ಇಲ್ಲ, ಅವನು ಇಲ್ಲಿಗೆ ಬರಲಿಲ್ಲ,” ಎಂದಳು. ಗುರುವಪ್ಪ ತಲೆ ಎತ್ತಿದ. ದಳಿಯ ಮರದ ಪಟ್ಟಿಗಳ ನಡುವಿನಿಂದ ನಾವಿಬ್ಬರೂ ಸರಿಯಾಗಿ ಒಬ್ಬರನ್ನೊಬ್ಬರು ನೋಡಿದೆವು. ನನ್ನ ಬಾಯಲ್ಲಿ ಸೊಳೆ ಇತ್ತು.

“ಆಯ್ತು ಅಕ್ಕೆರೇ. ಬಂದರೆ ಸಭೆ ಶನಿವಾರ ಅಂತ ಹೇಳಿ,” ಎಂದು ಅವನು ಹೊರಟುಹೋದ. ರುಜು ಹಾಕಿದವರಿಲ್ಲ, ಹಾಗಾಗಿ ಪುಸ್ತಕದಲ್ಲಿ ಬಿಜೈಯ ಹೆಸರು ಬರಲಿಲ್ಲ.

ಶನಿವಾರ ಸಭೆ ನಡೆಯಿತು. ಬೆನೆಡಿಕ್ಟ್ ಮಾಸ್ಟ್ರಿಗೆ ಹನ್ನೊಂದು, ಹೆಗ್ಡೆಯವರಿಗೆ ಹತ್ತು. ಒಂದು ಓಟು ಗೈರು, ಯಾರದೆಂದು ಹೇಳಬೇಕಾಗಿಲ್ಲ.

ನಾಲ್ಕು ದಿನ ಕಳೆದು ಹೆಗ್ಡೆಯವರು ಒಬ್ಬ ವಕೀಲರನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ವಕೀಲರ ಮುಖದಲ್ಲಿ ಹೊಸ ತಳಿ ಕಂಡುಹಿಡಿದ ಕಳೆ.

“ನಿಯಮದಲ್ಲಿ ಕುಟುಂಬದವರ ಕೈಗೆ ಎಂದು ಉಂಟು,” ಎಂದರು ವಕೀಲರು. “ಅಳಿಯಸಂತಾನದಲ್ಲಿ ಹೆಂಡತಿ ಅವಳ ತಾಯಿಯ ಕುಟುಂಬ, ಗಂಡ ಅವನ ತಾಯಿಯ ಕುಟುಂಬ. ಜಲಜಾಕ್ಷಿಯಮ್ಮ ನಿಮ್ಮ ಕುಟುಂಬದವರೇ ಅಲ್ಲ. ಅವರು ಹಾಕಿದ ರುಜು ದಾರಿಹೋಕರ ರುಜು. ನಿಮಗೆ ನೋಟೀಸು ಮುಟ್ಟಲಿಲ್ಲ, ಆದ್ದರಿಂದ ಸಭೆ ಸಭೆಯಲ್ಲ. ಚುನಾವಣೆ ರದ್ದು, ಹೊಸತಾಗಿ ಓಟು.”

“ನಾನು ಎಂತ ಹೇಳಬೇಕು?”

“ನೋಟೀಸು ಕೈಗೆ ಬರಲಿಲ್ಲ ಎಂದು. ಅದು ನಿಜವೇ ತಾನೆ? ಆಮೇಲೆ ಬಾಯಿ ಮುಚ್ಚಿ ಕೂತರೆ ಸಾಕು.”

“ಗುರುವಪ್ಪನಿಗೆ?”

“ನೋಟೀಸು ತಪ್ಪಾಗಿ ಕೊಟ್ಟ ದಫೇದಾರನಿಗೆ ಎಂತ ಆಗ್ತದೆ, ಅದೇ. ಡಿಸ್ಮಿಸ್.”

ಗುರುವಪ್ಪನ ನಿವೃತ್ತಿಗೆ ಹತ್ತು ತಿಂಗಳಿತ್ತು.

ನನ್ನ ಮಟ್ಟಿಗೆ ಇದು ಒಳ್ಳೆಯ ಅವಕಾಶ ಎಂದು ಒಪ್ಪಿಕೊಳ್ಳುತ್ತೇನೆ. ಅಡಗಿದ್ದು ಹೊರಗೆ ಬರುವುದಿಲ್ಲ; ಮತ್ತೆ ಓಟು ನಡೆದರೆ ಇಬ್ಬರೂ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಆ ರಾತ್ರಿ ಊಟಕ್ಕೆ ಕೂತಾಗ ತಟ್ಟೆ ಖಾಲಿಯಿತ್ತು. ಜಲಜಾಕ್ಷಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ವಕೀಲರ ಮಾತು ನನಗಿಂತ ಮೊದಲೇ ಮನೆಗೆ ಬಂದಿತ್ತು.

“ಬಡಿಸುವುದಿಲ್ಲವಾ?”

“ಕುಟುಂಬದವರಲ್ಲದವರು ಬಡಿಸುವುದು ಹೇಗೆ? ದಾರಿಹೋಕರ ಕೈಯ ಅನ್ನ ನಿಮಗೆ ಆಗಲಿಕ್ಕಿಲ್ಲ. ಅಲ್ಲಿ ಉಂಟು, ಹಾಕಿಕೊಳ್ಳಿ.”

ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಅನ್ನದ ಸಟ್ಟುಗ ಎಲ್ಲಿರುತ್ತದೆ ಎಂದು ನನಗೆ ತಿಳಿದದ್ದು ಆ ದಿನ.

ಹೆಗ್ಡೆಯವರ ತಕರಾರು ಅರ್ಜಿಯ ವಿಚಾರಣೆಯ ಹಿಂದಿನ ದಿನ ನಾನು ಗುರುವಪ್ಪನನ್ನು ಹುಡುಕಿಕೊಂಡು ಹೋದೆ. ಕಚೇರಿಯ ಮೆಟ್ಟಿಲಿನ ಮೇಲೆ ಕೂತು ಬಿಲ್ಲೆಗೆ ಹುಣಸೆಹುಳಿ ಹಚ್ಚಿ ಉಜ್ಜುತ್ತಿದ್ದ. ಅವನ ಮನಸ್ಸಿನಲ್ಲೇನಿದೆ ಎಂದು ತಿಳಿಯುವುದು ನನ್ನ ಉದ್ದೇಶ. ಕನಿಕರ ಆಮೇಲಿನ ಮಾತು.

“ನಾಳೆ ಎಂತ ಹೇಳ್ತೀ ಗುರುವಪ್ಪ?”

“ಕೇಳಿದ್ದಕ್ಕೆ ಉತ್ತರ.”

“ನೀನು ನನ್ನನ್ನು ನೋಡಿದ್ದು?”

“ಎಲ್ಲಿ?”

“ಬಿಜೈಯಲ್ಲಿ, ಮತ್ತೆಲ್ಲಿ.”

“ಸುಂದರಕ್ಕ ಇಲ್ಲ ಅಂದರಲ್ಲ,” ಎಂದ. ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ.

“ಹಾಗೆ ಹೇಳಿದರೆ ನಿನ್ನ ಕೆಲಸ ಹೋಗ್ತದೆ ಮಾರಾಯ.”

“ಹೋದರೆ ಕಷ್ಟ ಉಂಟು. ಕಿನ್ನಿಯ ದೊಡ್ಡ ಮಗಳಿಗೆ ಮದುವೆ ಮಾತಾಗಿದೆ. ಮಾವ ಡಿಸ್ಮಿಸ್ ಆದವ ಅಂದರೆ ಆ ಕಡೆಯವರು ಹಿಂದೆ ಸರಿಯಬಹುದು.” ಬಿಲ್ಲೆಯನ್ನು ಮತ್ತೆ ಉಜ್ಜತೊಡಗಿದ: “ಆದರೆ ಇಷ್ಟು ವರ್ಷ ನಾನು ಎಷ್ಟು ಮನೆಯ ಅಂಗಳದಲ್ಲಿ ನಿಂತಿಲ್ಲ, ಎಷ್ಟು ಕಂಡಿಲ್ಲ. ಈಗ ನನ್ನ ಕೆಲಸಕ್ಕಾಗಿ ಒಂದು ಮನೆಯದ್ದು ಹೇಳಿದರೆ, ಉಳಿದ ಮನೆಯವರು ನನ್ನನ್ನು ಇನ್ನು ಅಂಗಳಕ್ಕೆ ಹೇಗೆ ಸೇರಿಸುವುದು?”

ಅಂದರೆ ನನ್ನ ಗುಟ್ಟು ಹೊರಬೀಳುವುದಿಲ್ಲ. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ.

ವಿಚಾರಣೆ ಚೇರ್ಮನ್ನರ ಕೋಣೆಯಲ್ಲೇ ನಡೆಯಿತು. ಸರ್ಕಾರ ಕಳಿಸಿದ ಅಧಿಕಾರಿ ತಂಜಾವೂರಿನ ಕಡೆಯವರು; ಪುಸ್ತಕ ಓದಿ ಕಲಿತ ಕನ್ನಡ, ಆದರೆ ಒಳ್ಳೆಯ ಮನುಷ್ಯ. ಹೆಗ್ಡೆಯವರು ಒಂದು ಕಡೆ, ಮಾಸ್ಟ್ರು ಇನ್ನೊಂದು ಕಡೆ. ಉಳಿದ ಮೆಂಬರುಗಳು ಗೋಡೆಯ ಉದ್ದಕ್ಕೂ. ಮರದ ವ್ಯಾಪಾರಿ ಮೊಯ್ದೀನಬ್ಬ ನನ್ನ ಪಕ್ಕ. ಹೊರಗಿನ ಬೆಂಚು, ಅದರ ಸುತ್ತಲಿನ ಜಾಗ, ಮೆಟ್ಟಿಲು ಎಲ್ಲ ಜನ.

ಹೆಂಡತಿ ಹೇಗೆ ಗಂಡನ ಕುಟುಂಬದವಳಲ್ಲ ಎಂದು ವಕೀಲರು ಅರ್ಧ ಗಂಟೆ ವಿವರಿಸಿದರು. ಅಧಿಕಾರಿ ಕನ್ನಡಕ ತೆಗೆದು ಒರೆಸಿದರು.

“ಹಾಗಿದ್ದರೆ ಈ ಊರಿನಲ್ಲಿ ಪತ್ನಿಯು ಪತಿಗೆ ಏನಾಗಬೇಕು?”

“ಅದನ್ನು ನಾವೂ ವಿಚಾರಿಸುತ್ತಾ ಇದ್ದೇವೆ ದೊರೆ,” ಎಂದ ಮೊಯ್ದೀನಬ್ಬ.

ನನ್ನನ್ನು ಕೇಳಿದರು. ನೋಟೀಸು ನನ್ನ ಕೈಗೆ ಬರಲಿಲ್ಲ ಎಂದೆ. ಅದು ನಿಜ. ಬಾಯಿ ಮುಚ್ಚಿ ಕೂತೆ.

ಆಮೇಲೆ ಗುರುವಪ್ಪ. ಅವನು ದಿನಾ ನಿಲ್ಲುವ ಜಾಗದಲ್ಲೇ, ಬಾಗಿಲ ಪಕ್ಕ ನಿಂತ.

“ಕೊಡಿಯಾಲ್‌ಬೈಲನ್ನು ಬಿಟ್ಟು ಬೇರೆ ಗೃಹಕ್ಕೆ ಹೋಗಿದ್ದೆಯೋ?” ಎಂದರು ಅಧಿಕಾರಿ.

“ಹೋಗಿದ್ದೇನೆ ದೊರೆ. ಮಂಗಳವಾರ ಬೆಳಿಗ್ಗೆ ಬಿಜೈಗೆ. ಮನೆಯವರು ಶೆಟ್ರು ಇಲ್ಲ ಅಂದರು. ಬಂದೆ.”

ವಕೀಲರು ಎದ್ದರು. “ತಪಾಲು ಪುಸ್ತಕದಲ್ಲಿ ಬಿಜೈ ಅಂತ ಉಂಟಾ?”

“ಇಲ್ಲ.”

“ನೀನು ಹೋದದ್ದನ್ನು ಕಂಡವರು?”

“ಒಂದು ನಾಯಿ ಇತ್ತು.”

ಹೊರಗೆ ಜನ ನಕ್ಕರು. ವಕೀಲರು ನಗಲಿಲ್ಲ. “ಇವನು ಬಿಜೈಗೆ ಹೋಗಲೇ ಇಲ್ಲ. ಕೆಲಸ ಹೋಗುವುದು ಖಚಿತ ಎಂದು ಗೊತ್ತಾದ ಮೇಲೆ ಕಟ್ಟಿದ ಕಥೆ ಇದು. ದಫೇದಾರ ಸುಳ್ಳು ಹೇಳಿದ್ದಾನೆ ಎಂದು ದಾಖಲು ಮಾಡಿಕೊಳ್ಳಬೇಕು.”

ಅಧಿಕಾರಿ ಗುರುವಪ್ಪನ ಕಡೆ ನೋಡಿದರು. “ಶೀನಪ್ಪ ಶೆಟ್ಟರು ಆ ಗೃಹದ ಒಳಗೆ ಇದ್ದದ್ದನ್ನು ನೀನು ಕಂಡೆಯೋ? ಕಂಡಿದ್ದರೆ ಹೇಳು. ನಿನಗೇ ಒಳ್ಳೆಯದು.”

ಅವನು ನನ್ನ ಕಡೆ ತಿರುಗಲೂ ಇಲ್ಲ. “ಮನೆಯ ಒಳಗೆ ನೋಡುವ ಕೆಲಸ ಮುನಿಸಿಪಾಲಿಟಿ ನನಗೆ ಕೊಟ್ಟಿಲ್ಲ ದೊರೆ.”

ಗುಮಾಸ್ತ ಲೇಖನಿಯನ್ನು ಶಾಯಿಯಲ್ಲಿ ಅದ್ದಿದ. ಗುರುವಪ್ಪನ ಕೈ ಎದೆಗೆ ಹೋಗಿ, ವಾರೆಯಾಗಿದ್ದ ಬಿಲ್ಲೆಯನ್ನು ನೆಟ್ಟಗೆ ಮಾಡಿತು. ಡಿಸ್ಮಿಸ್ ಎಂಬ ಮಾತನ್ನು ಅವನು ಹಿಂದಿನ ದಿನವೇ ನುಂಗಿಕೊಂಡಿದ್ದ. ಸುಳ್ಳುಗಾರ ಎಂಬ ಮಾತು ಗಂಟಲಿನಿಂದ ಇಳಿಯುತ್ತಿರಲಿಲ್ಲ. ಮೂವತ್ತೆರಡು ವರ್ಷ ಯಾರ ಮನೆಯ ಯಾವ ಮಾತನ್ನೂ ಬದಲಿಸದೆ ಹೊತ್ತು ತಂದವನ ಹೆಸರಿನ ಮುಂದೆ ಆ ಶಬ್ದ ಬೀಳುವುದಕ್ಕೆ ಒಂದು ಗೆರೆ ಶಾಯಿ ಸಾಕಿತ್ತು. ಅದನ್ನು ತಡೆಯಬಲ್ಲವನು ಕೋಣೆಯಲ್ಲಿ ಒಬ್ಬನೇ ಇದ್ದ, ಅವನು ಬಾಯಿ ಮುಚ್ಚಿ ಕೂತಿದ್ದ.

“ಬರೆಯಬೇಡಿ,” ಎಂದೆ. ನಾನು ಎದ್ದು ನಿಂತಿದ್ದೇನೆ ಎಂಬುದು ಆಮೇಲೆ ತಿಳಿಯಿತು. “ಅವನು ಬಂದಿದ್ದ. ಮಂಗಳವಾರ ಬೆಳಿಗ್ಗೆ. ನಾನು ಒಳಗಿದ್ದೆ. ಇಲ್ಲ ಎಂದು ಅಕ್ಕನ ಬಾಯಲ್ಲಿ ಹೇಳಿಸಿದವನು ನಾನೇ. ಅವನು ನನ್ನನ್ನು ಕಂಡಿದ್ದಾನೆ, ನಾನೂ ಅವನನ್ನು ಕಂಡಿದ್ದೇನೆ.”

ಗುಮಾಸ್ತ ಲೇಖನಿಯನ್ನು ಕೆಳಗಿಟ್ಟ.

“ಒಳಗೆ ಏನು ಮಾಡುತ್ತಿದ್ದಿರಿ?” ಎಂದರು ಅಧಿಕಾರಿ.

“ಹಲಸಿನ ಹಣ್ಣು ತಿನ್ನುತ್ತಿದ್ದೆ.”

“ಇಲ್ಲ ಎಂದು ಹೇಳಿಸಿದ್ದು ಯಾಕೆ?”

“ಮಾಸ್ಟ್ರಿಗೂ ಮಾತು ಕೊಟ್ಟಿದ್ದೆ, ಹೆಗ್ಡೆಯವರಿಗೂ ಕೊಟ್ಟಿದ್ದೆ.”

ಹೆಗ್ಡೆಯವರು ನೆಲ ನೋಡಿದರು. ಮಾಸ್ಟ್ರು ನಲವತ್ತು ವರ್ಷ ತರಗತಿಯಲ್ಲಿ ಅಭ್ಯಾಸವಾದ ಮುಖದಲ್ಲಿ ನನ್ನನ್ನು ನೋಡಿದರು. ಮೊಯ್ದೀನಬ್ಬ ಮಾತ್ರ ನಿಧಾನಕ್ಕೆ ಹೇಳಿದ: “ಶೆಟ್ರಿಗೆ ಎರಡು ಮನೆ, ಎರಡು ಮಾತು. ಓಟು ಒಂದೇ ಕೊಟ್ಟದ್ದು ಸರ್ಕಾರದ ತಪ್ಪು ದೊರೆ.”

ಈ ಸಲ ಅಧಿಕಾರಿಯೂ ನಕ್ಕರು. ನೋಟೀಸಿನಿಂದ ಬೇಕೆಂದೇ ತಪ್ಪಿಸಿಕೊಂಡವನು ನೋಟೀಸು ಸಿಗಲಿಲ್ಲ ಎಂದು ದೂರುವಂತಿಲ್ಲ ಎಂದು ಬರೆಸಿದರು. ಚುನಾವಣೆ ಊರ್ಜಿತವಾಯಿತು. ಹೆಂಡತಿ ಕುಟುಂಬದವಳೋ ಅಲ್ಲವೋ ಎಂಬುದನ್ನು ತೀರ್ಮಾನಿಸದೆ ಬಿಟ್ಟರು, ಜಾಣರು. ದಫೇದಾರನ ಮೇಲೆ ಯಾವ ದೋಷವೂ ಇಲ್ಲ ಎಂಬ ಸಾಲನ್ನು ಗುಮಾಸ್ತ ಬರೆದು ಮುಗಿಸಿದ ಮೇಲೆ, ಅಧಿಕಾರಿ ಅದನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿಸಿದರು. ಗುರುವಪ್ಪ ಕೈಮುಗಿದ. ಆಮೇಲೆ ಬಾಗಿಲು ತೆರೆದು, ಹೊರಗೆ ಬೆಂಚಿನಲ್ಲಿ ಬೆಳಿಗ್ಗೆಯಿಂದ ಕಾದಿದ್ದವರನ್ನು ಒಂದೊಂದು ಜಾಗ ಸರಿಯಲು ಹೇಳಿದ. ಹೊಸ ಚೇರ್ಮನ್ನರು ಅಲ್ಲೇ ಇದ್ದರಲ್ಲ.

ನಾನು ಮುಂದಿನ ಚುನಾವಣೆಯಲ್ಲಿ ಸೋತೆ. ಸೋಲಬೇಕಾದದ್ದೇ. ಬಂದರಿನಲ್ಲಿ ಆರು ತಿಂಗಳು ಯಾರು ಅಂಗಡಿಗೆ ಬಂದರೂ ಹೊರಗೆ ನಿಂತು, “ಶೆಟ್ರು ಇದ್ದಾರಾ, ಇಲ್ಲವಾ?” ಎಂದು ಕೇಳಿ, ಎದುರಿಗೆ ಕೂತ ನನ್ನಿಂದ ಉತ್ತರಕ್ಕೆ ಕಾಯುತ್ತಿದ್ದರು. ಆದರೆ ಒಂದು ವಿಚಿತ್ರ ನಡೆಯಿತು. ನಾನು ತೂಗಿದ ಸರಕನ್ನು ಇನ್ನೊಮ್ಮೆ ತೂಗಿ ನೋಡುತ್ತಿದ್ದ, ಕಡಲಾಚೆಯ ದ್ವೀಪಗಳಿಂದ ಹಗ್ಗ ತರುವವರು ತೂಗುವುದನ್ನು ಬಿಟ್ಟರು. ತನ್ನ ಬಾಯಿಂದಲೇ ತನ್ನ ಮಾನ ತೆಗೆದುಕೊಂಡವನು ತಕ್ಕಡಿಯಲ್ಲಿ ಮೋಸ ಮಾಡಲಾರ ಎಂದು ಅವರ ಲೆಕ್ಕಾಚಾರವಿರಬೇಕು. ನಾನು ಅವರ ನಂಬಿಕೆಯನ್ನು ಕೆಡಿಸಲಿಲ್ಲ. ಮನೆಯಲ್ಲಿ ಜಲಜಾಕ್ಷಿ ಮತ್ತೆ ಬಡಿಸತೊಡಗಿದಳು, ಮೊದಲ ವಾರ ಉಪ್ಪು ಸ್ವಲ್ಪ ಹೆಚ್ಚು.

ಮಾಸ್ಟ್ರು ಕುರ್ಚಿಯಲ್ಲಿ ಕೂತ ಮೇಲೆ ಮಾಡಿದ ಮೊದಲ ಕೆಲಸ ಬಂದರಿನ ರಸ್ತೆಯದಲ್ಲ ಎಂಬುದನ್ನು ಬೇಸರದಿಂದ ದಾಖಲಿಸುತ್ತೇನೆ, ಅದು ಮೂರನೆಯದು. ಎರಡನೆಯದು ಬೊಕ್ಕಪಟ್ಣದ ಬಾವಿ. ಮೊದಲನೆಯದು ಒಂದು ಸುತ್ತೋಲೆ: ಮುನಿಸಿಪಾಲಿಟಿಯ ಬಿಲ್ಲೆ ಧರಿಸಿ ಬಂದ ನೌಕರನನ್ನು ಮೆಂಬರುಗಳು ಜಗಲಿಗೆ ಕರೆದು, ರುಜು ಹಾಕುವವರೆಗೆ ಆಸನ ಕೊಟ್ಟು ಕೂರಿಸಬೇಕು. ಚೇರ್ಮನ್ನರ ಕುರ್ಚಿಯಿಂದ ಬಂದ ಕಾಗದ ಅಂಗಳದಲ್ಲಿ ನಿಲ್ಲುವಂತಿಲ್ಲ ಎಂದು ಅದರಲ್ಲಿತ್ತು. ಕೆಲವು ಮನೆಗಳು ಗೊಣಗಿದವು. ಒಬ್ಬರು ಗೇಟಿನ ಹತ್ತಿರವೇ ಒಂದು ಸ್ಟೂಲು ಇಡಿಸಿ, ಇದೂ ಆಸನವೇ ಎಂದರು.

ಮರುಸಲ ನೋಟೀಸು ತಂದಾಗ ನಾನು ಬಿಜೈಯಲ್ಲಿದ್ದೆ, ಅಡಗಿಕೊಂಡಲ್ಲ. ಗುರುವಪ್ಪ ಅಭ್ಯಾಸಬಲದಿಂದ ಅಂಗಳದಲ್ಲೇ ನಿಂತ. ಸುಂದರಕ್ಕ ಜಗಲಿಯ ತುದಿಗೆ ಬಂದಳು. ಅವಳ ಸುಳ್ಳು ಊರಿಗೆಲ್ಲ ಗೊತ್ತಾದ ಮೇಲೆ ಇಬ್ಬರೂ ಎದುರಾದದ್ದು ಅದೇ ಮೊದಲು.

“ಮೇಲೆ ಬಾ ಗುರುವಪ್ಪ,” ಎಂದಳು.

“ಪರವಾಗಿಲ್ಲ ಅಕ್ಕೆರೇ, ಇಲ್ಲೇ ಸರಿ.”

“ಬಾ ಅಂದೆನಲ್ಲ. ಆ ಅಂಗಳದಿಂದ ನಮ್ಮ ಮನೆಯ ಒಳಗೆ ಬೇಡದ್ದೆಲ್ಲ ಕಾಣ್ತದೆ. ಜಗಲಿಯಲ್ಲಿ ಕೂತರೆ ಅಷ್ಟು ಕಾಣುವುದಿಲ್ಲ.”

ಗುರುವಪ್ಪ ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗ. ಎಳೆಯುವ ಕಾಲನ್ನು ಮೊದಲು ಮೇಲಿಟ್ಟು ಹತ್ತಿದ. ಅಕ್ಕ ಮಣೆ ಹಾಕಿ, ಬೆಲ್ಲ ನೀರು ತಂದಿಟ್ಟಳು. ಅವನು ಬೆಲ್ಲ ಕಚ್ಚಿ, ನೀರು ಕುಡಿದು, ಪುಸ್ತಕ ತೆರೆದು, ರುಜು ಹಾಕುವ ಜಾಗಕ್ಕೆ ಬೆರಳಿಟ್ಟ.

ಅವನು ಮುಂದಿನ ಮಾರ್ಚಿನಲ್ಲಿ ನಿವೃತ್ತನಾದ. ಕಿನ್ನಿಯ ಮಗಳು ಹೇಮಾಕ್ಷಿಯ ಮದುವೆ ಮಾತಾದ ಕಡೆಯೇ ಆಯಿತು. ಈಗ ಸಾವಿರದ ಒಂಬೈನೂರ ನಲವತ್ತಾರು, ಅವನಿಗೆ ಅರವತ್ತಾರು. ಉರ್ವದಲ್ಲಿ ಅವನ ಜಗಲಿಗೆ ಬೆಳಿಗ್ಗೆ ಹೋದರೆ ನಾಲ್ಕಾರು ಜನ ಕೂತಿರುತ್ತಾರೆ: ಅರ್ಜಿ ಯಾರಿಗೆ ಬರೆಯಬೇಕು, ಯಾವ ಕೋಣೆಗೆ ಕೊಡಬೇಕು, ಬೀದಿದೀಪಕ್ಕೆ ಚೇರ್ಮನ್ನರನ್ನು ನೋಡುವುದೋ ಓವರ್ಸಿಯರನ್ನೋ ಎಂದು ಕೇಳಲು. ಹೋದ ತಿಂಗಳು ನಾನೂ ಹೋದೆ. ಬಂದರಿನ ಹೊಸ ಹುಡುಗರು ನನ್ನನ್ನು ಮತ್ತೆ ಚುನಾವಣೆಗೆ ನಿಲ್ಲು ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳುವುದಿತ್ತು. ನನ್ನ ಮೊದಲು ಮೂವರಿದ್ದರು. ನಾಲ್ಕನೆಯವನಾಗಿ ಕೂತೆ. ನನ್ನ ಸರದಿ ಬಂದಾಗ ಅವನು ಕೇಳಿದ್ದು ಒಂದೇ.

“ಎಷ್ಟು ಜನಕ್ಕೆ ಮಾತು ಕೊಟ್ಟಿದ್ದೀರಿ, ಶೆಟ್ರೇ?”

“ಈ ಸಲ ಯಾರಿಗೂ ಇಲ್ಲ.”

“ಹಾಗಾದರೆ ನಿಲ್ಲಿ.”

ನಿಲ್ಲುತ್ತಿದ್ದೇನೆ. ಗೆಲ್ಲುತ್ತೇನೋ ಇಲ್ಲವೋ ಗೊತ್ತಿಲ್ಲ. ಎಲ್ಲರ ಎದುರು, ನನಗೆ ನಷ್ಟವಾಗುವ ಒಂದು ನಿಜವನ್ನು ನಾನು ನಲವತ್ತೇಳು ವರ್ಷದಲ್ಲಿ ಮೊದಲ ಸಲ ಹೇಳಿದ್ದು ಗುರುವಪ್ಪನಿಂದಾಗಿ. ಆ ಋಣ ನನ್ನ ಮೇಲಿದೆ, ಅದನ್ನು ನಾನಿನ್ನೂ ತೀರಿಸಿಲ್ಲ.